ಅತ್ತೆಯ ಕೋಳಿಗಳೂ ನನ್ನ ಲೆಕ್ಕದ ಪುಸ್ತಕವೂ

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯ ಕತೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಇಂದು ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪ ಅಮ್ಮನನ್ನು ಕೇಳಿ. ಡೊಂಬಿವಲಿಯ ನಮ್ಮ ಮನೆಯಲ್ಲಿ ಬೆಳಗಾಗುವುದು ಲೋಕಲ್ ಗಾಡಿಯ ಸದ್ದಿಗೆ. ಇಲ್ಲಿ ಹುಟ್ಟಿ ಬೆಳೆದ ನಿಮಗೆ ಮೊಟ್ಟೆಯೆಂದರೆ ಅಂಗಡಿಯ ಟ್ರೇಯಲ್ಲಿ ಸಾಲಾಗಿ ಕೂತಿರುವ ವಸ್ತು. ಯಾವ ಕೋಳಿ ಇಟ್ಟಿತು, ಎಷ್ಟು ಹೊತ್ತಿಗೆ ಇಟ್ಟಿತು ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ನಾನೂ ಕುಂದಾಪುರ ಪೇಟೆಯಲ್ಲಿ ಬೆಳೆದು, ಇಂಗ್ಲಿಷ್ ಓದಿ ಬಿ.ಎ. ಮುಗಿಸಿ, ಮದುವೆಯಾಗಿ ಮುಂಬಯಿ ಕಡೆಗೆ ಬಂದವಳು. ಐವತ್ತು ದಾಟಿದ ಮೇಲೆ, ಮೂರು ತಿಂಗಳ ಮಟ್ಟಿಗೆ, ಕೋಳಿಗಳ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕೆನಿಸಿದೆ.

2022ರ ನವೆಂಬರ್ ಮೊದಲ ವಾರದಲ್ಲಿ ಕುರ್ಲಾ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಹತ್ತಿದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಶುರುವಾಗುವ ಮೊದಲು ಬಸ್ಸಿನಲ್ಲಿ ಮೈಯೆಲ್ಲ ನುಗ್ಗಾಗಿ ಊರು ಸೇರುತ್ತಿದ್ದ ನಮಗೆ, ಮಧ್ಯಾಹ್ನ ಹೊರಟು ಮರುದಿನ ನಸುಕಿನಲ್ಲಿ ಕುಂದಾಪುರದಲ್ಲಿ ಇಳಿಯುವುದು ಇವತ್ತಿಗೂ ದೊಡ್ಡ ಸುಖವೇ. ಅಲ್ಲಿಂದ ಕೋಟೇಶ್ವರದ ಮೇಲೆ ಹಾಲಾಡಿ ರಸ್ತೆ ಹಿಡಿದರೆ, ಸಮುದ್ರದ ಗಾಳಿ ಹಿಂದೆ ಉಳಿದು, ಘಟ್ಟದ ನೀಲಿ ಗೆರೆ ಎದುರಿಗೆ ಬರುತ್ತದೆ. ವಾರಾಹಿ ಹೊಳೆ ಹರಿಯುವ ಸೀಮೆ ಅದು. ಗದ್ದೆ, ಗದ್ದೆಯ ಅಂಚಿಗೆ ತೋಟ, ತೋಟದ ನಡುವೆ ಹಂಚಿನ ಮನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸುವಷ್ಟು ದೂರ. ನಾನು ಹೋದಾಗ ಮಳೆಗಾಲದ ಬೆಳೆಯ ಕೊಯ್ಲು ಮುಗಿಯುತ್ತ ಬಂದಿತ್ತು. ಅಂಗಳದ ಮೂಲೆಯಲ್ಲಿ ಹೊಸ ಹುಲ್ಲಿನ ಕುತ್ರಿ ಎದ್ದಿತ್ತು.

ನಾನು ಹೋದದ್ದು ಸುಮ್ಮನೆ ಅಲ್ಲ. ಎಂಬತ್ತು ದಾಟಿದ ಅತ್ತೆ ಆ ಮನೆಯಲ್ಲಿ ಒಬ್ಬರೇ ಇದ್ದರು. ಮರೆವು ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದರು. ಕೋಳಿಗಳನ್ನು ಮಾರಿ, ಮನೆಗೆ ಬೀಗ ಹಾಕಿ ಅವರನ್ನು ಮುಂಬಯಿಗೆ ಕರೆತರುವುದೆಂದು ನಮ್ಮವರೂ ಮೈದುನನೂ ಮಾತಾಡಿಕೊಂಡಿದ್ದರು. ಅದಕ್ಕೆ ಮುಂಚೆ ಕೆಲವು ಕಾಲ ಜೊತೆಗಿದ್ದು ನೋಡಿ ಬರಲು ನನ್ನನ್ನು ಕಳಿಸಿದರು. ಪೇಟೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಹಿಂದಿನ ಪುಟದಿಂದ ಅತ್ತೆ ಏನೇನು ಮರೆಯುತ್ತಾರೆಂದು ಡಾಕ್ಟರಿಗಾಗಿ ಬರೆಯತೊಡಗಿದೆ. "ಹಾಲು ಉಕ್ಕಿತು." "ನನ್ನನ್ನು ಮೈದುನನ ಹೆಂಡತಿಯ ಹೆಸರಿನಿಂದ ಕರೆದರು." "ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು." ಮುಂದಿನ ಪುಟದಿಂದ ಮೊಟ್ಟೆಯ ಲೆಕ್ಕ. ಇದು ಹೊತ್ತು ಕಳೆಯಲು ಶುರುಮಾಡಿದ್ದು, ಆಮೇಲೆ ಹುಚ್ಚೇ ಹಿಡಿಯಿತು.

ಅತ್ತೆಯ ಹತ್ತಿರ ಒಂದು ಹುಂಜ, ಆರು ಹೇಂಟೆ. ಕೆಂಪಿ, ಕಪ್ಪಿ, ಬೂದಿ, ಚುಕ್ಕಿ, ಕುತ್ತಿಗೆಯಲ್ಲಿ ಗರಿಯಿಲ್ಲದ ಬೋಳುಕತ್ತು, ಇವು ಐದು ಊರ ಕೋಳಿ. ಆರನೆಯದು ಗಿರಿರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ಹಿತ್ತಲಲ್ಲಿ ಸಾಕುವುದಕ್ಕೆಂದೇ ಹೊರತಂದ ತಳಿ ಅದು. ಬಣ್ಣ ಊರ ಕೋಳಿಯ ಹಾಗೆ, ಗಾತ್ರ ಮಾತ್ರ ದುಪ್ಪಟ್ಟು. ಊರ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಮರಿ ಮಾಡಿ, ಅವುಗಳನ್ನು ಸಾಕಿ, ಮತ್ತೆ ಇಡುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಸಿಕ್ಕಿದರೆ ಹೆಚ್ಚು. ಗಿರಿರಾಜ ಅದರ ಎರಡರಷ್ಟಕ್ಕೂ ಮೇಲೆ ಇಡುತ್ತದೆ, ಆದರೆ ಕಾವಿಗೆ ಕೂರುವ ಬುದ್ಧಿ ಅದಕ್ಕಿಲ್ಲ. ಅದರ ಮೊಟ್ಟೆಯನ್ನೂ ಊರ ಕೋಳಿಯ ಹೊಟ್ಟೆಯಡಿಗೇ ಇಡಬೇಕು.

ಯಾವ ಮೊಟ್ಟೆ ಯಾರದೆಂದು ತಿಳಿಯಲು ಗೂಡಿನ ಎದುರು ಕೂತು ಕಾದೆ. ಸಿಕ್ಕಿದ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದೆ. ಎರಡು ವಾರದಲ್ಲಿ ಒಂದು ಸೋಜಿಗ ಕಂಡಿತು. ಗಿರಿರಾಜ ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಇಟ್ಟರೆ ಮರುದಿನ ಒಂಬತ್ತೂವರೆಗೆ, ಅದರ ಮರುದಿನ ಹನ್ನೊಂದಕ್ಕೆ, ಆಮೇಲೆ ಮಧ್ಯಾಹ್ನ ಒಂದರ ಹತ್ತಿರ. ಐದನೆಯ ದಿನ ರಜೆ. ಮತ್ತೆ ಬೆಳಿಗ್ಗೆ ಎಂಟಕ್ಕೆ ಹಾಜರು! ಇದಕ್ಕೆ ಕಾರಣ ಇದೆ. ಹಳದಿ ಬಿಡುಗಡೆಯಾದ ಮೇಲೆ ಅದಕ್ಕೆ ಬಿಳಿ ಕೂಡಲು ಸುಮಾರು ಮೂರು ತಾಸು, ಪೊರೆಗೆ ಒಂದು ತಾಸಿನ ಮೇಲೆ, ಚಿಪ್ಪು ಕಟ್ಟಲು ಹತ್ತಿರ ಹತ್ತಿರ ಇಪ್ಪತ್ತು ತಾಸು ಬೇಕು. ಒಟ್ಟು ಒಂದು ದಿನಕ್ಕಿಂತ ತುಸು ಹೆಚ್ಚು. ಹಾಗಾಗಿ ದಿನದಿನಕ್ಕೂ ಹೊತ್ತು ಮುಂದೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಸಾಮಾನ್ಯವಾಗಿ ಹೊಸ ಹಳದಿ ಬಿಡುಗಡೆಯಾಗುವುದಿಲ್ಲ, ಆದ್ದರಿಂದ ಒಂದು ದಿನ ತಪ್ಪುತ್ತದೆ. ಇದನ್ನೆಲ್ಲ ಅತ್ತೆಗೆ ವಿವರಿಸಿದಾಗ ಅವರು ನಕ್ಕು, "ಅದ್ ನಂಗ್ ಗೊತ್ತಿತ್ ಹೆಣ್ಣೆ" ಎಂದರು. ನನ್ನ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಬಿತ್ತು.

ಮೊದಲ ವಾರದಲ್ಲೇ ಅವರು ತಮ್ಮ ಕ್ರಮವನ್ನು ನನಗೆ ಹೇಳಿದ್ದರು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವಾಗ ಒಂದೊಂದೇ ಹೇಂಟೆಯನ್ನು ಹಿಡಿದು, ಹಿಂಭಾಗದಲ್ಲಿ ಬೆರಳಿಟ್ಟು, ಮೊಟ್ಟೆಯಿದೆಯೇ ಎಂದು ನೋಡಬೇಕು. ಇದ್ದರೆ ಅದನ್ನು ಹೊರಗೆ ಬಿಡದೆ ಹೆಡಿಗೆ ಕವುಚಿ ಇಡಬೇಕು. ಇಟ್ಟ ಮೇಲೆ ಬಿಡಬೇಕು. ಅವರ ಕೈ ನಡುಗತೊಡಗಿದ ಮೇಲೆ ಈ ಕೆಲಸ ನಿಂತುಹೋಗಿತ್ತು. "ಕೈ ಹಾಕಿ ಕಾಣ್" ಎಂದು ನನಗೆ ಹೇಳಿದರು. ನನಗೆ ಅಸಹ್ಯವಾಯಿತು. ಪುಸ್ತಕ ಇದೆಯಲ್ಲ, ಅದು ಸಾಕು ಎಂದುಕೊಂಡೆ.

ಡಿಸೆಂಬರಿನಲ್ಲಿ ಚುಕ್ಕಿಯ ಹೆಸರಿನ ಎದುರು ಇಪ್ಪತ್ತು ದಿನ ಸೊನ್ನೆ ಬಿತ್ತು. ಕ್ರಿಸ್‌ಮಸ್ ರಜೆಗೆ ನಮ್ಮವರೂ ಮಗನೂ ಬಂದರು. ಅಜ್ಜಿಯ ಮನೆಯ ಕೋಳಿ ಸಾರು ಬೇಕೆಂದು ಮಗ ಹೇಳಿದ. ಪುಸ್ತಕ ತೆರೆದು ಚುಕ್ಕಿಯ ಸಾಲು ತೋರಿಸಿದೆ. ಜಗಲಿಯಲ್ಲಿ ಕೂತಿದ್ದ ಅತ್ತೆ, "ಅದ್ ಬ್ಯಾಡ. ಅದ್ ಮೊಟ್ಟಿ ಇಡು ಕೋಳಿ" ಎಂದರು. ಅದೇ ಬೆಳಿಗ್ಗೆ ಅವರು ಕಪ್ಪಿಯನ್ನು, ಎಂದೋ ಸತ್ತುಹೋದ ಕೋಳಿಯ ಹೆಸರಿನಿಂದ ಕರೆದಿದ್ದರು. ನಾನು ಅದನ್ನು ಹಿಂದಿನ ಪುಟದಲ್ಲಿ ಬರೆದೂ ಆಗಿತ್ತು. ಈಗ ಚುಕ್ಕಿಯ ವಿಷಯದಲ್ಲೂ ಗೊಂದಲವೆಂದು ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅವರು ಮತ್ತೆ ಮಾತಾಡಲಿಲ್ಲ.

ಪಕ್ಕದ ಮನೆಯ ಅಕ್ಕ ಕೋಳಿ ಸ್ವಚ್ಛ ಮಾಡಿಕೊಟ್ಟರು. ಹೊಟ್ಟೆಯೊಳಗೆ ಚಿಪ್ಪು ಕಟ್ಟಿದ ಒಂದು ಮೊಟ್ಟೆ. ಅದರ ಹಿಂದೆ ಹಳದಿಗಳ ಗೊಂಚಲು, ನಿಂಬೆಯಷ್ಟು ದೊಡ್ಡದರಿಂದ ಸಾಸಿವೆಯಷ್ಟು ಸಣ್ಣದರವರೆಗೆ. ಮುಂದಿನ ಎಷ್ಟೋ ದಿನಗಳ ಮೊಟ್ಟೆಗಳು ಅಲ್ಲಿ ಸಾಲುಗಟ್ಟಿ ಕಾದಿದ್ದವು. ಅಕ್ಕ ಏನೂ ಹೇಳದೆ ಅದನ್ನು ಬೇರೆ ತಟ್ಟೆಯಲ್ಲಿ ಇಟ್ಟರು. ಅಂದು ಸಾರು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅತ್ತೆ ಗಂಜಿ ಉಂಡು ಮಲಗಿದರು.

ಮೂರು ದಿನದ ಮೇಲೆ ಹುಲ್ಲಿನ ಕುತ್ರಿಯ ಹಿಂದೆ, ಒಣ ಮಡಲುಗಳ ರಾಶಿಯಡಿಯಲ್ಲಿ ಹನ್ನೊಂದು ಮೊಟ್ಟೆ ಸಿಕ್ಕಿದವು. ಕಾವಿಗೆ ಕೂರಲು ತಾನೇ ಜಾಗ ಹುಡುಕಿಕೊಂಡಿತ್ತು ಪಾಪ. ಅತ್ತೆ ಬಾಲ್ದಿಯಲ್ಲಿ ನೀರು ತರಿಸಿ ಒಂದೊಂದನ್ನೇ ಬಿಟ್ಟು ನೋಡಿದರು. ಹಳತಾದ ಹಾಗೆ ಮೊಟ್ಟೆಯೊಳಗೆ ಗಾಳಿಯ ಜಾಗ ಹೆಚ್ಚುತ್ತದೆ, ಆದ್ದರಿಂದ ಅದು ತೇಲುತ್ತದೆ. ತೇಲಿದ ನಾಲ್ಕನ್ನು ತೆಂಗಿನ ಬುಡಕ್ಕೆ ಹಾಕಿಸಿದರು. ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ, "ನೀನ್ ಗೂಡ್ ಕಂಡದ್, ಕೋಳಿ ಕಾಣ್ಲಿಲ್ಲ" ಎಂದರು. ಬೈಗುಳದ ದನಿಯಲ್ಲ, ಪಾಠ ಹೇಳಿಕೊಡುವ ದನಿ.

ನನ್ನ ಸೊನ್ನೆಯ ಅರ್ಥ "ಚುಕ್ಕಿ ಇಡಲಿಲ್ಲ" ಎಂದಲ್ಲ. "ನಾನು ನೋಡಿದ ಜಾಗದಲ್ಲಿ ನನಗೆ ಸಿಗಲಿಲ್ಲ" ಎಂದಷ್ಟೇ. ಅಂದು ರಾತ್ರಿ ನೋಟ್‌ಬುಕ್ಕನ್ನು ತಿರುಗಿಸಿ ಹಿಂದಿನ ಪುಟಗಳನ್ನು ಓದಿದೆ. ಅಲ್ಲಿಯೂ ನಾನು ಬರೆದದ್ದು ಅತ್ತೆ ಮರೆತ ಹೊತ್ತುಗಳನ್ನು ಮಾತ್ರ. ಅವರಿಗೆ ನೆನಪಿದ್ದುದಕ್ಕೆ ನನ್ನ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಮರುದಿನದಿಂದ ಕೈ ಹಾಕಲು ಕಲಿತೆ. ಮೂರನೆಯ ದಿನಕ್ಕೆ ಅಸಹ್ಯ ಹೋಯಿತು. ಗಟ್ಟಿಯಾದ, ಬೆಚ್ಚಗಿನ ಮೊಟ್ಟೆ ಬೆರಳಿಗೆ ತಾಗಿದಾಗ ಆಗುವ ಸಂತೋಷವೇ ಬೇರೆ. ಇಡುವ ಕೋಳಿಯ ಹಿಂಭಾಗದ ಎರಡು ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಯುತ್ತದೆ, ಇಡದ ಕೋಳಿಗೆ ಒಂದು ಬೆರಳೂ ಕಷ್ಟ. ಇದನ್ನೂ ಅತ್ತೆಯೇ ತೋರಿಸಿದರು. ಪುಸ್ತಕದಲ್ಲಿ ಎರಡು ಅಂಕಣ ಮಾಡಿದೆ: ಬೆಳಿಗ್ಗೆ ಕೈಗೆ ಸಿಕ್ಕಿದ್ದು, ಸಂಜೆಯೊಳಗೆ ಗೂಡಿನಲ್ಲಿ ಸಿಕ್ಕಿದ್ದು. ಇವೆರಡೂ ತಾಳೆಯಾಗದ ದಿನ ಆ ಕೋಳಿಯ ಹಿಂದೆ ಹೋಗುವುದು. ಬೂದಿ ಹೀಗೆಯೇ ಬಚ್ಚಲಿನ ಸೌದೆ ರಾಶಿಯ ಮೇಲೆ ಸಿಕ್ಕಿಬಿದ್ದಿತು. ಕೋಳಿಗಳಿಗೆ ಅಭ್ಯಾಸ ತಪ್ಪದಿರಲು ಗೂಡಿನಲ್ಲಿ ಯಾವಾಗಲೂ ಒಂದು ಮೊಟ್ಟೆ ಬಿಟ್ಟಿರಬೇಕೆಂಬುದೂ ಆಗ ತಿಳಿಯಿತು.

ಹಿಂದಿನ ಪುಟಗಳಲ್ಲೂ ಇನ್ನೊಂದು ಅಂಕಣ ಸೇರಿಸಿದೆ. ಕಪ್ಪಿ ಹೋದ ವರ್ಷ ಎಷ್ಟು ಮರಿ ಮಾಡಿತು, ಎಷ್ಟನ್ನು ಗಿಡುಗ ಒಯ್ದಿತು ಎಂದು ಅತ್ತೆ ಹೇಳಿದ್ದನ್ನು ಬರೆದು, ಪಕ್ಕದ ಮನೆಯ ಅಕ್ಕನನ್ನು ಕೇಳಿ ತಾಳೆ ನೋಡಿದೆ. ಸರಿಯಾಗಿಯೇ ಇತ್ತು. ಮರೆವು ಸುಳ್ಳಲ್ಲ. ಒಲೆ ಆರಿಸಲು ಅವರು ಮರೆಯುತ್ತಿದ್ದುದೂ ನಿಜ. ಆದರೆ ಮುಸ್ಸಂಜೆ ಗೂಡಿನ ಬಾಗಿಲು ಹಾಕುವಾಗ ತಲೆ ಎಣಿಸಲು ಒಂದು ದಿನವೂ ಮರೆಯಲಿಲ್ಲ. ಎರಡೂ ಒಬ್ಬರೇ ಮನುಷ್ಯರಲ್ಲಿ ಇರಬಹುದು.

ಜನವರಿಯಲ್ಲಿ ಬೂದಿ ಕಾವಿಗೆ ಕೂತಿತು. ಬೆಸ ಸಂಖ್ಯೆಯೇ ಆಗಬೇಕೆಂದು ಅತ್ತೆ ಹನ್ನೊಂದು ಮೊಟ್ಟೆ ಇಡಿಸಿದರು. ಗುಡುಗಿನ ದೋಷ ತಾಗದಿರಲೆಂದು ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಬುಟ್ಟಿಗೆ ಬಿತ್ತು. ಏಳನೆಯ ರಾತ್ರಿ ನಾನು ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆಯಿಟ್ಟು, ಒಳಗೆ ಹಬ್ಬಿದ ಕೆಂಪು ನರಗಳನ್ನು ಅವರಿಗೆ ತೋರಿಸಿದೆ. ಅದನ್ನು ಅವರು ಬಹಳ ಹೊತ್ತು ನೋಡಿದರು. ಮರಿಯಾಗುವ ಮುಂಚೆ ಮರಿ ಎಣಿಸಬೇಡ ಎಂದು ಇಂಗ್ಲಿಷಿನಲ್ಲಿ ಗಾದೆಯುಂಟು. ನಾವು ಎಣಿಸಲಿಲ್ಲ. ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಹೊರಬಂದವು.

ನಮ್ಮವರಿಗೂ ಮೈದುನನಿಗೂ ಪುಸ್ತಕವನ್ನು ಎರಡೂ ಕಡೆಯಿಂದ ಓದಲು ಕೊಟ್ಟೆ. ಮಾತುಕತೆ ಸುಲಭವಾಗಿರಲಿಲ್ಲ. ಕೊನೆಗೆ ಮನೆ ಮಾರುವ ಮಾತು ನಿಂತಿತು. ಮಳೆಗಾಲದ ನಾಲ್ಕು ತಿಂಗಳು ಅತ್ತೆ ನಮ್ಮಲ್ಲಿಗೆ ಬರುವುದು, ಉಳಿದ ಕಾಲ ನಮ್ಮಲ್ಲಿ ಒಬ್ಬರು ಸರದಿಯ ಮೇಲೆ ಊರಲ್ಲಿರುವುದು ಎಂದಾಯಿತು. ಅವರು ಇಲ್ಲಿದ್ದಾಗ ಕೋಳಿ ನೋಡಿಕೊಳ್ಳುವುದು ಪಕ್ಕದ ಮನೆಯ ಅಕ್ಕ, ಮೊಟ್ಟೆಯಲ್ಲಿ ಅರ್ಧ ಅವರದು. 2023ರ ಜೂನಿನಲ್ಲಿ ಮೊದಲ ಬಾರಿ ಹಾಗೆ ಬಂದರು. ಡೊಂಬಿವಲಿಯ ಬಾಲ್ಕನಿಯಲ್ಲಿ ಕೂತು ಸಂಜೆ ಸಂಜೆ ಫೋನಿನಲ್ಲಿ ಕೋಳಿಗಳ ಕ್ಷೇಮ ಕೇಳುತ್ತಿದ್ದರು.

ಇನ್ನು ನಿಮಗೊಂದು ಮಾತು. ರಜೆ ಮುಗಿಸಿ ಊರಿಂದ ಹೊರಡುವಾಗ ಅಜ್ಜಿ ನಿಮ್ಮ ಕೈಯಲ್ಲಿ ಮಡಿಸಿದ ನೋಟು ಇಟ್ಟದ್ದು ನೆನಪಿದೆಯೇ? ನನ್ನ ಮಗನಿಗೆ ಹಾಗೆ ಸಿಗುತ್ತಿದ್ದುದೆಲ್ಲ ಮೊಟ್ಟೆ ಮಾರಿದ ದುಡ್ಡೆಂದು ಆ ಮೂರು ತಿಂಗಳಲ್ಲಿ ನನಗೆ ತಿಳಿಯಿತು. ಮುಂದಿನ ರಜೆಯಲ್ಲಿ ಊರಿಗೆ ಹೋದರೆ, ಕೋಳಿಯಿರುವ ಮನೆಯಾದರೆ, ಒಂದು ಪುಸ್ತಕ ಒಯ್ಯಿರಿ. ಹೊತ್ತು ಬರೆಯಿರಿ, ಮೊಟ್ಟೆಗೆ ತಾರೀಕು ಹಾಕಿ. ಕೋಳಿ ಸಾಕದ ಮನೆಯವರು ಅಜ್ಜಿಯ ದನದ ಲೆಕ್ಕವನ್ನೋ ಮಲ್ಲಿಗೆ ಮೊಗ್ಗಿನ ಲೆಕ್ಕವನ್ನೋ ಬರೆಯಬಹುದು. ಸೊನ್ನೆ ಬರೆಯುವ ಮುಂಚೆ ಮಾತ್ರ, ಎದ್ದು ಹೋಗಿ ಹುಲ್ಲಿನ ಕುತ್ರಿಯ ಹಿಂದೆ ಒಮ್ಮೆ ನೋಡಿ ಬನ್ನಿ. ಅಜ್ಜಿ ಏನಾದರೂ ಹೇಳಿದರೆ ಅದನ್ನೂ ಬರೆದುಕೊಳ್ಳಿ.