ಕೋಡ್ಲಾದ ಚರಗ, ವಾಡಿಯ ನಕ್ಷತ್ರ

ಬೇಸಿಗೆಯಲ್ಲಿ ಕೆಂಡವಾಗುವ ನಮ್ಮ ಕಲಬುರಗಿ ಸೀಮೆಯು ಹೇಮಂತ ಋತುವಿನಲ್ಲಿ ಮಾತ್ರ ತಾಯಿಯ ಮಡಿಲಿನಂತೆ ತಂಪಾಗಿರುತ್ತದೆ. ಬಿಳಿಜೋಳವು ಹಸುರಾಗಿ ಎದ್ದು ನಿಂತಿರುತ್ತದೆ. ಕಡಲೆಯ ಗಿಡಕ್ಕೆ ಹುಳಿ ಬಂದಿರುತ್ತದೆ. ತೊಗರಿಯ ಕಾಯಿ ಬಲಿತಿರುತ್ತದೆ. ಇದೇ ದಿನಗಳಲ್ಲಿ ಈ ಸೀಮೆಗೆ ಎರಡು ಹಬ್ಬಗಳು ಬಹುಮಟ್ಟಿಗೆ ಒಂದರ ಬೆನ್ನಿಗೊಂದು ಬರುತ್ತವೆ. ಒಂದು, ಮಾರ್ಗಶಿರ ಬಹುಳದ ಎಳ್ಳಮಾವಾಸ್ಯೆ. ಇನ್ನೊಂದು, ಡಿಸೆಂಬರ್ 25ರ ಕ್ರಿಸ್ತ ಜಯಂತಿ. ಒಂದು ಚಂದ್ರನನ್ನು ನಂಬಿದ್ದು, ಇನ್ನೊಂದು ಸೂರ್ಯನನ್ನು ನಂಬಿದ್ದು. ಆದುದರಿಂದ ಇವುಗಳ ಅಂತರ ವರ್ಷವರ್ಷಕ್ಕೂ ಬೇರೆಯಾಗುತ್ತದೆ. 2019ರಲ್ಲಿ ಎಳ್ಳಮಾವಾಸ್ಯೆ ಡಿಸೆಂಬರ್ 26ರಂದು ಬಂದಿತ್ತು, ಅದೂ ಸೂರ್ಯಗ್ರಹಣವನ್ನು ಜೊತೆಗೆ ಕರೆದುಕೊಂಡು! ಅಧಿಕ ಮಾಸ ಬಂದ ವರ್ಷ ಅದು ಜನವರಿಗೆ ಸರಿಯುವುದೂ ಉಂಟು. 2022ರಲ್ಲಿ ಮಾತ್ರ ಎರಡಕ್ಕೂ ನಡುವೆ ಒಂದೇ ದಿನದ ಅಂತರ. 23ಕ್ಕೆ ಅಮಾವಾಸ್ಯೆ, 25ಕ್ಕೆ ಕ್ರಿಸ್ಮಸ್. ಆ ನಾಲ್ಕು ದಿನಗಳನ್ನು ನಾವು ಸೇಡಂ ತಾಲೂಕಿನ ಕೋಡ್ಲಾ ಗ್ರಾಮದಲ್ಲಿಯೂ ವಾಡಿಯಲ್ಲಿಯೂ ಕಳೆದೆವು. ಆ ಸಂತೋಷವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮಠದ ಅನ್ನ ಉಂಡು ಬೆಳೆದ ಇವರಿಗೆ ಕ್ರಿಸ್ಮಸ್ಸಿನ ಗೊಡವೆ ಏತಕ್ಕೆ ಎಂದು ಕೆಲವರು ನಕ್ಕಾರು. ನಗಲಿ. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಹಾಕಿ ಗ್ರಂಥ ರೂಪಕ್ಕೆ ತಂದು ನಾಡಿಗೆ ಕೊಟ್ಟವರು ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಪಾದ್ರಿಗಳಾಗಿದ್ದರು. ಶರಣ ಸಾಹಿತ್ಯವನ್ನು ಅವರಂತೆ ಆಳವಾಗಿ ಅಭ್ಯಸಿಸಿದವರು ವಿರಳ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷವೇ ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರೂ ಅವರೇ. ಅವರು ನಮ್ಮ ಮನೆಯ ಗ್ರಂಥಗಳನ್ನು ಅಷ್ಟು ಪ್ರೀತಿಯಿಂದ ತೆರೆದು ನೋಡಿದ ಮೇಲೆ ನಾವು ಅವರ ಮನೆಯ ಹಬ್ಬವನ್ನು ಹೊಸ್ತಿಲಲ್ಲಿ ನಿಂತಾದರೂ ನೋಡಬೇಡವೆ?

ಕಲಬುರಗಿಯಿಂದ ಸೇಡಮ್ಮಿನ ದಾರಿ ಹಿಡಿದರೆ ನಡುವೆ ಮಳಖೇಡ ಸಿಗುತ್ತದೆ. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂಬ ಭಾವವನ್ನು ಹೇಳಿದೆ. ಕೋಟೆಯ ಗೋಡೆಗಳು ಸಾಕಷ್ಟು ಬಿದ್ದಿವೆ. ಆ ಮಾತು ಬಿದ್ದಿಲ್ಲ. ಬಸ್ಸಿನ ಕಿಟಕಿಯಿಂದ ಕೋಟೆಗೆ ಕೈಮುಗಿದು ಮುಂದೆ ಸಾಗಿದೆವು.

ಕೋಡ್ಲಾ ಕರಿಮಣ್ಣಿನ ಊರು. ಕರಿಮಣ್ಣಿನ ಕೆಳಗೆ ಸುಣ್ಣದ ಕಲ್ಲು. ಮೇಲಿನ ಮಣ್ಣು ತೊಗರಿ ಬೆಳೆದರೆ, ಕೆಳಗಿನ ಕಲ್ಲು ಈ ಭಾಗದಲ್ಲೆಲ್ಲ ಮನೆಯ ನೆಲಕ್ಕೆ ಫರಸಿಯಾಗುತ್ತದೆ, ಸಿಮೆಂಟೂ ಆಗುತ್ತದೆ. ಕೋಡ್ಲಾ ಮತ್ತು ಬೆನಕನಹಳ್ಳಿಯ ನೆಲದಲ್ಲಿಯೇ ದೊಡ್ಡದೊಂದು ಸಿಮೆಂಟ್ ಕಾರ್ಖಾನೆ ಎದ್ದಿದೆ. ನಾವು ಇಳಿದುಕೊಂಡದ್ದು ಹಳೆಯ ಪರಿಚಯದ ಒಬ್ಬ ರೈತರ ಮನೆಯಲ್ಲಿ. ಹೈದರಾಬಾದಿನ ಮಿಶನರಿ ಶಾಲೆಯಲ್ಲಿ ಕಲಿಯುತ್ತಿದ್ದ ಹತ್ತು ವರ್ಷದ ಮೊಮ್ಮಗಳು ಕ್ರಿಸ್ಮಸ್ ರಜೆಗೆ ಬಂದಿದ್ದಳು. ಆದರೆ ಮನೆಯಲ್ಲಿ ಹಬ್ಬದ ಸಡಗರವಿರಲಿಲ್ಲ.

ಕಾರಣ ಹೊಲದಲ್ಲಿತ್ತು. ಆ ವರ್ಷ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ತಗುಲಿತ್ತು. ಮಣ್ಣಿನೊಳಗಿನ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು, ನೀರೇರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಬುಡದಲ್ಲಿ ತೇವವಿದ್ದರೂ ಗಿಡವು ಬಾಯಾರಿ ಸಾಯುತ್ತದೆ. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದು ದೇಶದಲ್ಲೆಲ್ಲ ಹೆಸರು ಮಾಡಿದ ನಮ್ಮ ತೊಗರಿ, ಕಾಯಿ ಬಲಿಯುವ ಹೊತ್ತಿಗೆ ನಿಂತ ನಿಲುವಿನಲ್ಲಿಯೇ ಒಣಗಿತ್ತು.

"ಗುರುಗಳೇ, ಈ ಸಲ ಚರಗ ಬ್ಯಾಡಂತ ಮಾಡೀವ್ರಿ. ಹೊಲಕ್ಕ ಹೋಗಿ ಏನ್ ನೋಡೋದ್ರಿ? ಕಟಗಿ ನೋಡೋದೇನ್ರಿ?" ಎಂದರು ಯಜಮಾನರು.

ನಾವು ಸಮಾಧಾನದ ಮಾತನ್ನು ಹುಡುಕುತ್ತಿದ್ದೆವು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು, ಗಂಡನ ಕಡೆ ನೋಡದೆ, ಮೊಮ್ಮಗಳಿಗೆ ಹೇಳುವಂತೆ ಹೇಳಿದರು: "ತಾಯಿಗೆ ಜಡ್ಡಾದ್ರ ಉಣ್ಲಿಕ್ಕೆ ಕೊಡೋದು ಬಿಡ್ತಾರೇನವ್ವಾ? ಕಾಳು ಆಗಲೇ ನೆನಸೀನಿ."

ನಾವು ಕಲಿತ ಶಾಸ್ತ್ರದಲ್ಲಿ ಈ ಮಾತಿಗೆ ಕೂಡಿಸುವಂಥದು ಏನೂ ಇರಲಿಲ್ಲ. ಯಜಮಾನರೂ ಸುಮ್ಮನಾದರು. ಆ ರಾತ್ರಿ ಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು.

ಈ ಭಾಗದ ಎಳ್ಳಮಾವಾಸ್ಯೆಯ ಊಟವನ್ನು ಉಣ್ಣದವರಿಗೆ ಮಾತಿನಿಂದ ತಿಳಿಸುವುದು ಕಷ್ಟ. ಅದರ ರಾಜನೇ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜ್ಜಿಯೆಂದು ಬೆಂಗಳೂರಿನ ಬಂಧುಗಳು ತಿಳಿಯಬಾರದು. ಹಸಿ ತೊಗರಿಕಾಳು, ಅವರೆ, ಕಡಲೆ, ಶೇಂಗಾ, ಗಜ್ಜರಿ, ಬದನೆ, ಮೆಂತ್ಯದ ಸೊಪ್ಪು, ಹಸಿಮೆಣಸಿನಕಾಯಿ ಎಲ್ಲವೂ ಹುಣಸೆಹುಳಿ ಮತ್ತು ಕಡಲೆಹಿಟ್ಟಿನಲ್ಲಿ ಕೂಡಿ ಬೇಯುವ ಪಲ್ಯವಿದು. ಯಾವುದೊಂದೂ ತನ್ನ ರುಚಿಯನ್ನು ಬಿಟ್ಟುಕೊಡುವುದಿಲ್ಲ, ಆದರೆ ಯಾವುದೂ ಇನ್ನೊಂದರ ಮೇಲೆ ಏರಿ ಹೋಗುವುದಿಲ್ಲ. ಇದರೊಡನೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ. ಆ ಸಲ ಮನೆಯ ಹೊಲದ ತೊಗರಿಕಾಳು ಇರಲಿಲ್ಲ. ನೆರೆಮನೆಯವರು ತಮ್ಮಲ್ಲಿ ಉಳಿದಿದ್ದ ನಾಲ್ಕು ಗಿಡಗಳಿಂದ ಒಂದು ಬೊಗಸೆ ಬಿಡಿಸಿ ಕಳಿಸಿದ್ದರು.

ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆವು. ಎತ್ತಿನ ಬಂಡಿಯ ಬದಲು ಈಗ ಟ್ರ್ಯಾಕ್ಟರು. ಮೊಮ್ಮಗಳಿಗೆ ಅದೇ ವಿಮಾನ. ಬನ್ನಿಮರದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು ಪೂಜಿಸಿದರು. ಬಳಿಕ ಒಬ್ಬರು ಮುಂದೆ ಅಡುಗೆಯನ್ನು ಹೊಲಕ್ಕೆ ಚೆಲ್ಲುತ್ತ ಕೂಗಿದರೆ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಮರುಕೂಗು ಕೊಡಬೇಕು. ಮುತ್ಯಾ ಮುಂದೆ, ಮೊಮ್ಮಗಳು ಹಿಂದೆ. ಮೊದಲ ಸುತ್ತಿನಲ್ಲಿ ಯಜಮಾನರ ಕೂಗು ಗಂಟಲಿನಿಂದ ಹೊರಬರಲಿಲ್ಲ. ಹುಡುಗಿಯು ಹೈದರಾಬಾದಿನ ಉಚ್ಚಾರದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿದಳೆಂದರೆ ಪಕ್ಕದ ಹೊಲದವರೆಲ್ಲ ತಿರುಗಿ ನೋಡಿ ನಕ್ಕರು. ಯಜಮಾನರೂ ನಕ್ಕರು. ಎರಡನೆಯ ಸುತ್ತಿನಲ್ಲಿ ಅವರ ಧ್ವನಿ ಎಂದಿನಂತಿತ್ತು.

ಊಟದ ತರುವಾಯ ಹುಡುಗಿ ಒಣಗಿದ ತೊಗರಿಯ ಕಟ್ಟಿಗೆಗಳನ್ನು ಆಯತೊಡಗಿದಳು. ಏತಕ್ಕೆಂದು ಕೇಳಿದರೆ, "ಸ್ಟಾರ್ ಮಾಡ್ಲಿಕ್ಕೆ. ವಾಡಿ ಮುತ್ಯಾನ ಮನಿಗೆ" ಎಂದಳು. ವಾಡಿಯ ಮುತ್ಯಾ ಎಂದರೆ ಯಜಮಾನರ ಶಾಲಾ ಗೆಳೆಯರು, ರೈಲ್ವೆಯಿಂದ ನಿವೃತ್ತರಾದ ಕ್ರೈಸ್ತರು. ಐದು ಕಟ್ಟಿಗೆಗಳನ್ನು ಹಗ್ಗದಿಂದ ಬಿಗಿದು, ಹಳದಿ ಹಾಳೆ ಅಂಟಿಸಿ, ಒಳಗೆ ಸಣ್ಣ ಬಲ್ಬು ತೂಗಿಬಿಡಲು ಮುತ್ಯಾ ಮೊಮ್ಮಗಳು ಮರುದಿನವೆಲ್ಲ ತೊಡಗಿದರು. ಇಡೀ ಋತುವಿನಲ್ಲಿ ಕಣ್ಣೀರು ತರಿಸಿದ ಆ ಕಟ್ಟಿಗೆಯನ್ನು ಯಜಮಾನರು ಅಳತೆ ಹಿಡಿದು ಕತ್ತರಿಸುತ್ತಿದ್ದುದನ್ನು ನಾವು ಕಟ್ಟೆಯ ಮೇಲೆ ಕುಳಿತು ನೋಡಿದೆವು.

25ರ ಬೆಳಿಗ್ಗೆ ಸೇಡಮ್ಮಿನಿಂದ ರೈಲಿನಲ್ಲಿ ವಾಡಿಗೆ ಹೋದೆವು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಈ ಹಾದಿ ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದದ್ದು. ಮುಂಬಯಿ–ಮದ್ರಾಸಿನ ಹಾದಿಗೆ ಅದು ಕೂಡಿಕೊಂಡುದರಿಂದ ವಾಡಿ ಜಂಕ್ಷನ್ ಆಯಿತು. 1968ರಲ್ಲಿ ಸಿಮೆಂಟ್ ಕಾರ್ಖಾನೆಯೂ ಬಂದು ಹಲವು ಭಾಷೆ, ಹಲವು ಧರ್ಮಗಳ ಊರಾಯಿತು.

ಗೆಳೆಯರ ಮನೆಯಲ್ಲಿ ನಮಗೊಂದು ಸಣ್ಣ ಅಂಜಿಕೆಯಿತ್ತು. ಕೇಕನ್ನು ಮುಂದಿಟ್ಟರೆ ಏನು ಮಾಡುವುದು? ಬೇಡವೆಂದರೆ ಅವರಿಗೆ ನೋವು, ತಿಂದರೆ ನಮಗೆ ವ್ರತಭಂಗ. ಆದರೆ ಆ ತಾಯಿ ತಾವೇ ನಗುತ್ತ, "ತತ್ತಿ ಹಾಕಿಲ್ರಿ ಗುರುಗಳೇ, ಮೊಸರು ಹಾಕಿ ಮಾಡೀನ್ರಿ. ನಿಮಗಂತ ಪಾತ್ರೀನೂ ಬ್ಯಾರೆ ಇಟ್ಟೀನ್ರಿ" ಎಂದರು. ತಟ್ಟೆಯಲ್ಲಿ ಕೇಕಿನ ಜೊತೆಗೆ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ. ನಾವು ಕೊಂಡೊಯ್ದದ್ದು ಶೇಂಗಾ ಹೋಳಿಗೆ ಮತ್ತು ಸಜ್ಜೆ ರೊಟ್ಟಿ. ಕೊಟ್ಟುಕೊಂಡ ಮೇಲೆ ಯಾರ ಹಬ್ಬ ಯಾವುದೆಂಬ ಲೆಕ್ಕ ತಪ್ಪಿತು.

ಪಡಸಾಲೆಯ ಮೂಲೆಯಲ್ಲಿ ಏಸುವಿನ ಜನನದ ದೃಶ್ಯವನ್ನು ಅಣಿಗೊಳಿಸಿದ್ದರು. ಇಂಥ ದೃಶ್ಯವನ್ನು ಮೊದಲು ಏರ್ಪಡಿಸಿದವರು ಇಟಲಿಯ ಸಂತ ಫ್ರಾನ್ಸಿಸರು, 1223ರಲ್ಲಿ, ಗ್ರೇಚೊ ಎಂಬ ಹಳ್ಳಿಯಲ್ಲಿ ಎಂದು ಹೇಳುತ್ತಾರೆ. ಕನ್ನಡ ಕ್ರೈಸ್ತರು ಇದನ್ನು ಗೋದಲಿ ಎನ್ನುತ್ತಾರೆ. ಆ ಹೆಸರನ್ನು ಕೇಳಿದೊಡನೆ ಯಜಮಾನರು ಗೆಳೆಯರಿಗೆ ಹೇಳಿದರು: "ಗ್ವಾದಲಿ ಇಟ್ಟೀರಿ, ಮೇವು ಎಲ್ಲಿ ಅದ? ಮುಂದಿನ ವರ್ಷ ನಮ್ಮ ಹೊಲದ ಕಣಿಕಿ ತರ್ತೀನಿ." ಎಲ್ಲರೂ ನಕ್ಕರು. ಮುಂದಿನ ವರ್ಷದ ಮಾತನ್ನು ಅವರ ಬಾಯಿಂದ ನಾವು ಕೇಳಿದ್ದು ಅದೇ ಮೊದಲು.

ಸಂಜೆ ತೊಗರಿಯ ನಕ್ಷತ್ರವನ್ನು ಬಾಗಿಲಿಗೆ ತೂಗಿ ದೀಪ ಹಚ್ಚಿದರು. ಅಂಗಡಿಯ ನಕ್ಷತ್ರಗಳ ನಡುವೆ ಅದು ತುಸು ಸೊಟ್ಟಗೆ ಇತ್ತು. ಹಬ್ಬ ಮುಗಿದ ಮೇಲೆ ಅದನ್ನು ಒಲೆಗೆ ಹಾಕಬೇಕೆಂದು ಯಜಮಾನರು ಮರೆಯದೆ ಹೇಳಿದರು. ರೋಗದ ಗಿಡಗಳನ್ನು ಕಿತ್ತು ಸುಡಬೇಕು, ಹೊಲಕ್ಕೆ ಕೆಲವು ವರ್ಷ ಜೋಳ ಹಾಕಿ ಬೆಳೆ ಬದಲಿಸಬೇಕು, ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ ಬಿತ್ತಬೇಕು ಎಂಬ ಮಾತೆಲ್ಲ ಮರಳಿ ಬರುವ ರೈಲಿನಲ್ಲಿ ನಡೆಯಿತು.

ನಮ್ಮ ಕುಟುಂಬಗಳ ಮಕ್ಕಳು ಇಂದು ದೂರದ ಊರುಗಳಲ್ಲಿ ಓದುತ್ತಾರೆ. ಕ್ರಿಸ್ಮಸ್ ರಜೆ ಬಂದರೆ ಪೇಟೆಯ ಅಂಗಡಿಗಳಲ್ಲಿ ಸುತ್ತಾಡಿ ಮುಗಿಸುತ್ತಾರೆ. ಅವರನ್ನು ಹೊಲಕ್ಕೆ ಕರೆತನ್ನಿ. ಚರಗ ಚೆಲ್ಲುವಾಗ ಹಿಂದಿನ ಕೂಗನ್ನು ಅವರಿಗೇ ಬಿಡಿ; ತಪ್ಪಾಗಿ ಕೂಗಿದರೂ ಭೂತಾಯಿ ಬೇಸರಪಡುವುದಿಲ್ಲ. ಕಡಲೆಯ ಹುಳಿಯನ್ನು ನಾಲಿಗೆಗೆ ಮುಟ್ಟಿಸಿಕೊಳ್ಳಲಿ, ಬೋರೆಹಣ್ಣು ಆಯಲಿ. ಕೈಯಿಂದ ಒಂದು ನಕ್ಷತ್ರ ಕಟ್ಟಿ ನೆರೆಯ ಕ್ರೈಸ್ತ ಗೆಳೆಯರಿಗೆ ಕೊಡಲಿ. ಅವರನ್ನು ಮುಂದಿನ ಎಳ್ಳಮಾವಾಸ್ಯೆಗೆ ಭಜ್ಜಿಗೆ ಕರೆಯಲಿ. ಬೆಳೆ ಬಂದ ವರ್ಷವೂ ಕರೆಯಿರಿ. ಬಾರದ ವರ್ಷ ತಪ್ಪದೆ ಕರೆಯಿರಿ. ದಾಸೋಹವೆಂಬುದು ಕಣಜ ತುಂಬಿದ ಮೇಲೆ ಮಾಡುವ ಕೆಲಸವಲ್ಲವೆಂಬುದನ್ನು ನಾವು ಪುಸ್ತಕದಲ್ಲಿ ಓದಿದ್ದೆವು, ಕೋಡ್ಲಾದಲ್ಲಿ ಕಂಡೆವು.