ಗೋಲಿಸೋಡಾ ಮತ್ತು ಬೀರಿನ ಪೀಪಾಯಿ

ನನ್ನ ತಂದೆಯವರು ಕೊಟ್ಟೂರಿನಲ್ಲಿ ಗೋಲಿಸೋಡಾದ ಅಂಗಡಿಯಿಟ್ಟಿದ್ದರು. ಹೆಂಡವನ್ನು ಮುಟ್ಟದ ಮನೆತನ ನಮ್ಮದು. ಅಂಥ ನಾನು ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ, ಅಲ್ಲಿ ಬೀರಿನ ಪೀಪಾಯಿಯನ್ನು ಕಂಡು ಎಷ್ಟು ಕುದಿದೆನೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಮನೆಬಳಕೆಗೆ ಬೀರು ಮಾಡಿಕೊಳ್ಳಲು 1978ರ ಕಾಯಿದೆಯೇ ಅಲ್ಲಿ ಅನುಮತಿಸಿದೆಯಂತೆ. ನನ್ನ ಮನಸ್ಸು ಅನುಮತಿಸಲಿಲ್ಲ. ಎರಡು ದಿನ ಮಗನೊಡನೆ ಮಾತು ಬಿಟ್ಟೆ.

ಮೂರನೆಯ ದಿನ ಅವನು ಹುದುಗು ಮುಗಿದ ಬೀರನ್ನು 19 ಲೀಟರಿನ ಉಕ್ಕಿನ ಪೀಪಾಯಿಗೆ ತುಂಬಿದ. ಮರುದಿನವೇ ಗೆಳೆಯರು ಬರುವವರಿದ್ದರು. ಬೀರಿನ್ನೂ ಬೆಚ್ಚಗಿದ್ದರೂ ಇಂಗಾಲಾಮ್ಲದ ಸಿಲಿಂಡರಿನಿಂದ ನಳಿಗೆ ಜೋಡಿಸಿ, ಪೀಪಾಯಿಯನ್ನು ಮೊಣಕಾಲ ಮೇಲಿಟ್ಟು ತೂಗತೊಡಗಿದ. ಸುಯ್ಯೆಂದು ಅನಿಲ ಒಳನುಗ್ಗಿತು. ಆ ಸದ್ದು ನಾನು ತೊಟ್ಟಿಲಲ್ಲೇ ಕೇಳಿದ್ದು!

ತಂದೆಯವರು ನೀರು ತುಂಬಿದ ಶೀಸೆಗಳನ್ನು ಯಂತ್ರದಲ್ಲಿ ಬಿಗಿದು, ಅನಿಲ ಬಿಟ್ಟು, ಹಿಡಿ ತಿರುಗಿಸುತ್ತಿದ್ದರು. ಶೀಸೆ ತಲೆಕೆಳಗಾದಾಗ ಗೋಲಿಯು ಕೊರಳಿನ ರಬ್ಬರುಂಗುರಕ್ಕೆ ಒತ್ತಿಕೊಂಡು ಬಾಯಿ ಮುಚ್ಚುತ್ತಿತ್ತು. ಒಮ್ಮೆ ಕೊಟ್ಟೂರೇಶ್ವರನ ತೇರಿನ ದಿನ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಜನ ಅಂಗಡಿಯನ್ನು ಮುತ್ತಿದ್ದರು. ಬಿಸಿಲಿಗೆ ಕಾದ ನೀರು ಅನಿಲ ಹಿಡಿಯಲೊಲ್ಲದೆಂದು ನಾನು ಒತ್ತಡವನ್ನೇ ಏರಿಸಿದೆ. ತಂದೆಯವರು ಹೊರತೆಗೆಯುತ್ತಿದ್ದ ಶೀಸೆ ಸಿಡಿದು ಅವರ ಹೆಬ್ಬೆರಳು ಸೀಳಿತು. ಅವರು ಬೈಯಲಿಲ್ಲ. "ನೀರು ತಣ್ಣಗಾಗ್ಲಿ, ತಮ್ಮಾ. ತಣ್ಣಗಾದ್ದು ತಾನಾಗೇ ಹಿಡ್ಕಂತೈತಿ" ಎಂದಷ್ಟೇ ಹೇಳಿದರು. ಆ ಬೆರಳನ್ನು ಮಡಿಚಲು ಅವರಿಗೆ ಮತ್ತೆಂದೂ ಬರಲಿಲ್ಲ.

"ತೂಗಬೇಡವೋ, ಮೊದಲು ತಣಿಸು!" ಎಂದು ಬಾಯಿಂದ ಬಂದೇಬಿಟ್ಟಿತು. ಮಗ ಬೆರಗಾದ. ಶಾಸ್ತ್ರವೂ ಅದನ್ನೇ ಹೇಳುತ್ತದೆಂದು ಒಪ್ಪಿದ. 4 ಡಿಗ್ರಿ ಸೆಲ್ಸಿಯಸ್ಸಿನ ನೀರು ಹಿಡಿಯುವ ಅನಿಲದಲ್ಲಿ ಅರ್ಧವನ್ನೂ 30 ಡಿಗ್ರಿಯ ನೀರು ಹಿಡಿಯಲಾರದು. 4 ಡಿಗ್ರಿಯಲ್ಲಿಟ್ಟು, ಚದರಂಗುಲಕ್ಕೆ 12 ಪೌಂಡಿನ ಒತ್ತಡ ಕೊಟ್ಟರೆ ಸುಮಾರು ಒಂದು ವಾರದಲ್ಲಿ ಕೆಲಸ ತಾನಾಗಿ ಆಗುತ್ತದೆ. ತೂಗುವುದು ಅವಸರದವರ ಮಾರ್ಗ. ಪೀಪಾಯಿ ಶೀತಪೆಟ್ಟಿಗೆಯನ್ನು ಸೇರಿತು. ಗೆಳೆಯರಿಗೆ ಕಾಫಿಯೇ ಆಯಿತು.

"ಅಜ್ಜನ ಸೋಡಾ ಹುಟ್ಟಿದ್ದೆಲ್ಲಿ ಗೊತ್ತೆ?" ಎಂದ ಮಗ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ, ನೆರೆಯ ಕಾರ್ಖಾನೆಯಲ್ಲಿ ಹುದುಗುತ್ತಿದ್ದ ಬೀರಿನ ತೊಟ್ಟಿಯ ಮೇಲೆ ನೀರನ್ನು ಹಿಡಿದು ಅನಿಲ ಬೆರೆಸಿದನಂತೆ. ನನಗೆ ಉತ್ತರ ಹೊಳೆಯಲಿಲ್ಲ.

ಮರುವಾರ ಮಗ ಮತ್ತೊಂದು ಪೀಪಾಯಿಗೆ ಬರಿಯ ನೀರು ತುಂಬಿ, ತಣಿಸಿ, ಅನಿಲ ಹಿಡಿಸಿದ. ನಿಂಬೆ, ಉಪ್ಪು ಬೆರೆಸಿ ಲೋಟವನ್ನು ನನ್ನ ಕೈಗಿತ್ತ. ನಾನು ಬೀರು ಕುಡಿಯಲಿಲ್ಲ. ಅವನು ಬಿಡಲೂ ಇಲ್ಲ. ಆದರೆ ಆ ಮೊದಲ ಗುಟುಕು ಮೂಗಿಗೇರಿದಾಗ, ಲೋಟ ಹಿಡಿದ ಮಗನ ಹೆಬ್ಬೆರಳನ್ನು ನೋಡಿದೆ. ಅದು ಚೆನ್ನಾಗಿ ಮಡಿಚಿತ್ತು.