ರೇಸ್ ಬಿಟ್ಟ ಮೇಲೆ

ಟ್ಯೂನಿಂಗ್‌ಗೆ ಗಾಡಿ ತರುವವರು ಮೊದಲು ಕೇಳುವುದು ಎಷ್ಟು ಪವರ್ ಸಿಗುತ್ತದೆ ಎಂದು. ಆಮೇಲೆ ಪಿಕಪ್. ಸ್ಲೋ ಸ್ಪೀಡ್ ಹೇಗೆ ನಿಲ್ಲುತ್ತದೆ ಎಂದು ಮುಂಚೆಯೇ ಕೇಳಿದವರು ನನಗೆ ನೆನಪಿಲ್ಲ. ಆ ಮಾತು ಬರುವುದು ಗಾಡಿ ಊರು ಸೇರಿದ ಮೇಲೆ, ಫೋನಿನಲ್ಲಿ: “ಸರ್, ರೇಸ್ ಬಿಟ್ಟ ತಕ್ಷಣ ಆಫ್ ಆಗ್ತಿದೆ.” ನನಗಂತೂ ಎಂಜಿನ್ನಿನ ಮರ್ಯಾದೆ ಇರುವುದು ಅಲ್ಲೇ. ಕಾಲು ತೆಗೆದ ಮೇಲೆ, ಯಾರೂ ಅದರಿಂದ ಏನನ್ನೂ ಕೇಳದಿರುವಾಗ, ಅದು ಹೇಗೆ ತಿರುಗುತ್ತದೆ ಎಂಬುದರಲ್ಲಿ. ಅದನ್ನು ಸ್ಥಿರವಾಗಿ ನಿಲ್ಲಿಸುವ ಕೆಲಸ ಮಾಡುವಾಗ ನನ್ನೊಳಗೆ ಏನು ನಡೆಯುತ್ತದೆ ಎಂದು ನೋಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನನ್ನ ಸ್ವಭಾವ ಬೇರೆಲ್ಲೂ ನನಗೆ ಇಷ್ಟು ಹತ್ತಿರದಿಂದ ಕಂಡಿಲ್ಲ.

ಈಗ ಶೆಡ್ಡಿನಲ್ಲಿರುವುದು ಮೂಡಿಗೆರೆ ಕಡೆಯ ಒಬ್ಬ ಕಾಫಿ ಬೆಳೆಗಾರರ ಮಾರುತಿ ಜಿಪ್ಸಿ. 1298 ಸಿಸಿ, 16 ವಾಲ್ವ್, ಕಂಪನಿಯಿಂದ ಬಂದಾಗ 80 ಅಶ್ವಶಕ್ತಿ. ಅವರು ಅದನ್ನು ರ‍್ಯಾಲಿಗೆಂದೇ ಕಟ್ಟಿಸಿದ್ದಾರೆ: ಬೇರೆ ಕ್ಯಾಮ್‌ಶಾಫ್ಟ್, ದೊಡ್ಡ ಇಂಜೆಕ್ಟರ್, ಪ್ರೋಗ್ರಾಂ ಮಾಡಬಲ್ಲ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ದಿನನಿತ್ಯದ ಗಾಡಿಗೆ ಇಂಥ ಕೆಲಸ ನಾನು ಮಾಡುವುದಿಲ್ಲ. ಗಾಡಿಯ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಏನು ಹೇಳುತ್ತದೆ ಎಂಬುದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಮಾಡಿದೆ. ಆದರೆ ರ‍್ಯಾಲಿ ಗಾಡಿಯೂ ಇಡೀ ದಿನ ಓಡುತ್ತಲೇ ಇರುವುದಿಲ್ಲ. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಊರೊಳಗೆ ಹಾದು ಹೋಗಬೇಕು, ಸ್ಟಾರ್ಟ್ ಲೈನಿನಲ್ಲಿ ಸರದಿಗೆ ಕಾಯಬೇಕು. ಕಾಯುವಾಗ ನಿಂತುಹೋದರೆ ಅಷ್ಟು ಪವರ್ ಇದ್ದೂ ಏನು ಬಂತು?

ನಾಲ್ಕು ಸಿಲಿಂಡರಿನ ಎಂಜಿನ್ 900 ಆರ್‌ಪಿಎಂನಲ್ಲಿ ತಿರುಗುವಾಗ ಸೆಕೆಂಡಿಗೆ 30 ಸಲ ಕಿಡಿ ಹೊತ್ತುತ್ತದೆ. ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಒಂದೊಂದು ಉರಿಯೂ ಎಂಜಿನ್ನಿನ ಘರ್ಷಣೆಯನ್ನು ಗೆದ್ದು ಮುಂದಿನ ಉರಿಯ ತನಕ ಮುಟ್ಟಿಸಿದರೆ ಸಾಕು, ಬೇರೆ ಕೆಲಸವಿಲ್ಲ. ಪೂರ್ತಿ ಕಾಲು ಒತ್ತಿದಾಗ ಒಂದು ಉರಿ ಸೊರಗಿದರೂ ಗೊತ್ತಾಗುವುದಿಲ್ಲ, ಉಳಿದವು ಎಳೆದುಕೊಂಡು ಹೋಗುತ್ತವೆ. ಸ್ಲೋ ಸ್ಪೀಡಿನಲ್ಲಿ ಒಂದು ತಪ್ಪಿದರೂ ಸ್ಟಿಯರಿಂಗಿನಲ್ಲಿ ಅದರ ನಡುಕ ಸಿಗುತ್ತದೆ.

ರ‍್ಯಾಲಿ ಕ್ಯಾಮ್ ಹಾಕಿದಾಗ ಇದು ಇನ್ನೂ ನಾಜೂಕಾಗುತ್ತದೆ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆದಿರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಈ ಓವರ್‌ಲ್ಯಾಪೇ ಶಕ್ತಿ ಕೊಡುವುದು. ಕೆಳಗೆ ಮಾತ್ರ ಮ್ಯಾನಿಫೋಲ್ಡಿನ ಒಳಗೆ ನಿರ್ವಾತವಿರುವುದರಿಂದ ಸುಟ್ಟ ಹೊಗೆ ಹಿಂದಕ್ಕೆ ನುಗ್ಗಿ ಹೊಸ ಗಾಳಿಯ ಜೊತೆ ಬೆರೆಯುತ್ತದೆ. ಆ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಹಾಗಾಗಿ ಕಿಡಿಯನ್ನು ಬೇಗ ಕೊಡಬೇಕು. ಮಾಮೂಲಿ ಎಂಜಿನ್ನಿಗೆ ಪಿಸ್ಟನ್ ತುದಿ ಮುಟ್ಟುವ 8–10 ಡಿಗ್ರಿ ಮುಂಚೆ ಸಾಕಾಗುವಲ್ಲಿ ಇಂಥದಕ್ಕೆ 18–20 ಬೇಕಾಗಬಹುದು. ಮ್ಯಾನಿಫೋಲ್ಡಿನ ಒತ್ತಡ 30–35 ಕಿಲೋಪ್ಯಾಸ್ಕಲ್ ಇರುತ್ತಿದ್ದದ್ದು 50 ದಾಟುತ್ತದೆ. ಬ್ರೇಕಿನ ಬೂಸ್ಟರಿಗೆ ಬೇಕಾದ ನಿರ್ವಾತವೂ ಅಲ್ಲಿಂದಲೇ ಬರಬೇಕಾದ್ದರಿಂದ, ನಿಧಾನವಾಗಿ ತೆವಳುವಾಗ ಪೆಡಲ್ ಗಟ್ಟಿಯಾಗುತ್ತದೆ. ಸ್ಲೋ ಸ್ಪೀಡ್ ಕೆಟ್ಟರೆ ಕೇಳಲು ಚೆನ್ನಾಗಿರುವುದಿಲ್ಲ ಎನ್ನುವಷ್ಟಕ್ಕೆ ಮುಗಿಯುವುದಿಲ್ಲ, ಗಾಡಿ ನಿಲ್ಲಿಸುವ ಪ್ರಶ್ನೆಯೂ ಅದರಲ್ಲಿದೆ.

ಆಕ್ಸಿಜನ್ ಸೆನ್ಸರಿನದು ಇನ್ನೊಂದು ತೊಡಕು. ಉರಿ ತಪ್ಪಿದ ಸಿಲಿಂಡರಿನಿಂದ ಪೆಟ್ರೋಲೂ ಹೊರಬರುತ್ತದೆ, ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ. ಪೆಟ್ರೋಲ್ ಕಡಿಮೆಯಾಗಿದೆ ಎಂದು ಅದು ಹೇಳುತ್ತದೆ, ಇಸಿಯು ನಂಬಿ ಇನ್ನಷ್ಟು ಸುರಿಯುತ್ತದೆ, ಮೊದಲೇ ಉಸಿರುಕಟ್ಟಿದ ಎಂಜಿನ್ನಿಗೆ ಇನ್ನಷ್ಟು ಉಸಿರುಕಟ್ಟುತ್ತದೆ. ಸುಡದ ಪೆಟ್ರೋಲಿನ ವಾಸನೆ ಶೆಡ್ಡಿನ ತುಂಬ ಹರಡಿದಾಗಲೂ ಪರದೆಯ ಮೇಲಿನ ಅಂಕಿ ಪೆಟ್ರೋಲ್ ಸಾಲದು ಎನ್ನುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಮೂಗನ್ನು ನಂಬುವುದೇ ಸರಿ.

ಇನ್ನು ಹಂಟಿಂಗ್. ಸೂಜಿ 800ಕ್ಕೆ ಇಳಿಯುತ್ತದೆ, 1300ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ, ಒಂದೇ ತಾಳದಲ್ಲಿ. ಆ ಸದ್ದು ಕೇಳಿದೊಡನೆ ನನ್ನ ಕೈ ಲ್ಯಾಪ್‌ಟಾಪಿನ ಮೇಲಿರುತ್ತದೆ. ಗಾಳಿ ಸ್ವಲ್ಪ ಹೆಚ್ಚು, ಪೆಟ್ರೋಲ್ ಸ್ವಲ್ಪ ಕಡಿಮೆ, ಕಿಡಿಯ ಟೈಮಿಂಗ್ ಎರಡು ಡಿಗ್ರಿ. ಒಂದರ ಪರಿಣಾಮ ಕಾಣುವ ಮೊದಲೇ ಇನ್ನೊಂದು. ಆದರೆ ಎಂಜಿನ್ನಿಗೆ ಅದರದೇ ಕಾಲಮಾನವಿದೆ. ಸ್ಲೋ ಸ್ಪೀಡಿಗೆ ಗಾಳಿ ಬಿಡುವ ಐಡಲ್ ವಾಲ್ವ್ ತೆರೆದರೆ ಮೊದಲು ಮ್ಯಾನಿಫೋಲ್ಡ್ ತುಂಬಬೇಕು, ಆಮೇಲೆ ಸಿಲಿಂಡರ್ ಎಳೆದುಕೊಳ್ಳಬೇಕು, ಒತ್ತಬೇಕು, ಉರಿಸಬೇಕು. ಹೊಗೆ ಪೈಪಿನಲ್ಲಿ ಸಾಗಿ ಸೆನ್ಸರ್ ಮುಟ್ಟುವ ಹೊತ್ತಿಗೆ ಅದು ಹೇಳುವುದು ಹಳೆಯ ಸುದ್ದಿ. ಆ ಹಳೆಯ ಸುದ್ದಿಗೆ ಇಸಿಯು ಜೋರಾಗಿ ಪ್ರತಿಕ್ರಿಯಿಸಿದರೆ, ಹಾಕಿದ ಉಪ್ಪು ಕರಗುವ ಮೊದಲೇ ಸಾರಿನ ರುಚಿ ನೋಡಿ ಇನ್ನೊಂದು ಚಿಟಿಕೆ ಹಾಕಿದ ಹಾಗೆ. ಹಂಟಿಂಗ್ ಬಹುಪಾಲು ಹುಟ್ಟುವುದು ತಿದ್ದುವಿಕೆಯಿಂದಲೇ. ಕೊರತೆ ಚಿಕ್ಕದಿರುತ್ತದೆ, ಅದನ್ನು ಸರಿಪಡಿಸುವ ಆತುರ ಅದನ್ನು ಅಲೆಯಾಗಿಸುತ್ತದೆ.

ಇದು ಇಂದಿನ ತೊಂದರೆಯಲ್ಲ. ಜೇಮ್ಸ್ ವಾಟ್‌ನ ಉಗಿ ಎಂಜಿನ್ನಿನ ಗವರ್ನರಿನ ಕಾಲದಿಂದಲೂ ವೇಗವನ್ನು ತಾನೇ ಕಾಯ್ದುಕೊಳ್ಳುವ ಯಂತ್ರಗಳು ಹೀಗೆ ಹೊಯ್ದಾಡಿವೆ. 1868ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಗವರ್ನರುಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ವ್ಯತ್ಯಾಸವೊಂದು ಏರುತ್ತಲೇ ಹೋಗಬಹುದು, ತಗ್ಗುತ್ತ ಹೋಗಬಹುದು, ಹೊಯ್ದಾಡುತ್ತ ಬೆಳೆಯಬಹುದು, ಹೊಯ್ದಾಡುತ್ತ ಅಡಗಬಹುದು ಎಂದು ನಾಲ್ಕು ದಾರಿ ತೋರಿಸಿದ. ನನಗೆ ಅದಕ್ಕಿಂತ ಹತ್ತಿರವಾದವನು ಮಿನೋರ್ಸ್ಕಿ. ಹಡಗುಗಳು ತಾವಾಗಿ ದಿಕ್ಕು ಹಿಡಿಯುವಂತೆ ಮಾಡುವ ಲೆಕ್ಕವನ್ನು ಅವನು 1922ರಲ್ಲಿ ಪ್ರಕಟಿಸಿದ. ಆ ಲೆಕ್ಕ ಹೊರಟದ್ದು ಚುಕ್ಕಾಣಿ ಹಿಡಿದ ನಾವಿಕರ ನಡೆಯಿಂದ. ಒಳ್ಳೆಯ ನಾವಿಕ ಈ ಕ್ಷಣದಲ್ಲಿ ಹಡಗು ದಿಕ್ಕಿನಿಂದ ಎಷ್ಟು ವಾಲಿದೆ ಎಂಬುದೊಂದನ್ನೇ ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ವಾಲಿದೆ, ಈಗ ತಾನಾಗಿ ವಾಪಸು ಬರುತ್ತಿದೆಯೇ ಎಂಬುದನ್ನೂ ನೋಡುತ್ತಾನೆ. ವಾಪಸು ಬರುತ್ತಿದ್ದರೆ ಕೈ ಸಡಿಲಿಸುತ್ತಾನೆ. ನನ್ನ ಇಸಿಯುವಿನೊಳಗಿನ ಐಡಲ್ ನಿಯಂತ್ರಣ ಇಂದಿಗೂ ಈ ಮೂರು ಪ್ರಶ್ನೆಗಳ ಮೇಲೆ ನಡೆಯುತ್ತದೆ. ನನ್ನ ಕೈ ಮಾತ್ರ ಮೊದಲ ಪ್ರಶ್ನೆಯಲ್ಲೇ ನಿಂತಿದೆ.

ಯಾಕೆ ಹೀಗೆ ಎಂದು ಕೇಳಿಕೊಂಡಾಗ ಮೊದಲು ಸಿಕ್ಕ ಉತ್ತರ ಪ್ರೀತಿ. ಎಂಜಿನ್ ತಡವರಿಸುವುದನ್ನು ನೋಡಲಾಗುವುದಿಲ್ಲ ಎಂಬುದು ನಿಜವೇ. ಆದರೆ ಆ ಉತ್ತರ ನನಗೆ ಅನುಕೂಲವಾಗಿತ್ತು, ಅದಕ್ಕೇ ಅಲ್ಲಿಗೆ ಬಿಡಲಿಲ್ಲ. ಗಾಡಿಯವರು ಪಕ್ಕದಲ್ಲಿ ನಿಂತಿದ್ದಾಗ ನನ್ನ ಬೆರಳುಗಳು ಇನ್ನೂ ಚುರುಕಾಗುತ್ತವೆ. ಕೈಕಟ್ಟಿ ನಿಂತು ಸದ್ದು ಕೇಳುತ್ತಿದ್ದರೆ ನನಗೇನೂ ಗೊತ್ತಿಲ್ಲ ಎಂದು ಅವರಿಗೆ ಅನಿಸೀತು ಎಂಬ ಅಳುಕು ಅದು. ನಮ್ಮ ಮನೆಯಲ್ಲಿ ಸುಮ್ಮನೆ ಕೂತವರನ್ನು ಕಂಡರೆ ಹಿರಿಯರಿಗೆ ಆಗುತ್ತಿರಲಿಲ್ಲ. ಏನೂ ಕೆಲಸವಿಲ್ಲದಿದ್ದರೆ ಕಡ್ಡಿ ಹಿಡಿದು ಅಂಗಳದ ಹುಲ್ಲಾದರೂ ಕೀಳಬೇಕಿತ್ತು. ಕೈ ಆಡುತ್ತಿದ್ದರೆ ಮನುಷ್ಯ ಸರಿಯಿದ್ದಾನೆ ಎಂಬ ಲೆಕ್ಕ ನನ್ನೊಳಗೆ ಅಲ್ಲಿಂದಲೇ ಇಳಿದಿದೆ. ಅವರನ್ನು ದೂರುವುದಿಲ್ಲ, ಆ ದುಡಿಮೆಯ ಅನ್ನವನ್ನೇ ನಾನು ಉಂಡಿದ್ದು. ಆದರೆ ಏನೂ ಮಾಡದೆ ತಿರುಗುತ್ತಿರುವ ಎಂಜಿನ್ನನ್ನು ಗೌರವದಿಂದ ನೋಡಲು ನನಗೆ ವರ್ಷಗಳು ಬೇಕಾದದ್ದು ಇದರಿಂದಲೇ ಇರಬೇಕು.

ಹೀಗೆ ಪಡುವ ಕಷ್ಟ ಬೇರೆಯವರಿಗೆ ಕಾಣಬೇಕು ಎಂಬ ಆಸೆ ನನ್ನೊಬ್ಬನದಲ್ಲ. ಅಮೆರಿಕದ ದೊಡ್ಡ ವಿ8 ಗಾಡಿಗಳಲ್ಲಿ ಭಾರೀ ಕ್ಯಾಮ್ ಹಾಕಿದಾಗ ಬರುವ ಕುಂಟು ಸದ್ದಿಗೆ ಒಂದು ಅಭಿಮಾನಿ ಬಳಗವೇ ಇದೆ. ಕ್ಯಾಮ್ ಬದಲಿಸದೆ, ಟೈಮಿಂಗನ್ನು ಬೇಕೆಂದೇ ಏರಿಳಿಸಿ ಆ ಕುಂಟನ್ನು ಹುಟ್ಟಿಸುವ ಟ್ಯೂನಿಂಗೂ ಅಲ್ಲಿ ನಡೆಯುತ್ತದೆ. ಇಲ್ಲೂ ಹುಡುಗರು ಅದನ್ನು ಕೇಳಿಕೊಂಡು ಬರುತ್ತಾರೆ. ನಾನು ಮಾಡಿಕೊಡುವುದಿಲ್ಲ. ಆರೋಗ್ಯವಾಗಿರುವ ಎಂಜಿನ್ನಿಗೆ ಕಾಯಿಲೆಯ ಲಕ್ಷಣ ಕಲಿಸುವುದು ನನಗೆ ಹೇಸಿಗೆಯ ಕೆಲಸ. ಆದರೂ ಆ ಹುಡುಗರ ಆಸೆ ನನಗೆ ಅರ್ಥವಾಗುತ್ತದೆ. ಒಳಗೆ ದೊಡ್ಡದೊಂದು ಒದ್ದಾಡುತ್ತಿದೆ ಎಂದು ಹೊರಗಿನವರಿಗೆ ಕೇಳಿಸಬೇಕು. ಗಾಡಿಯವರ ಎದುರು ನನ್ನ ಬೆರಳು ಓಡುವುದೂ ಅದಕ್ಕೇ ಅಲ್ಲವೇ?

ಮನೆಯಲ್ಲೂ ಇದೇ ಕೈ. ಅಮ್ಮ ಹಳೆಯ ಕಥೆ ಹೇಳುವಾಗ ಯಾರದೋ ಹೆಸರು ನೆನಪಿಗೆ ಬಾರದೆ ತಡವರಿಸುತ್ತಾಳೆ. ನಾನು ತಕ್ಷಣ ಹೆಸರು ಎತ್ತಿಕೊಡುತ್ತೇನೆ. ಅವಳು ಹೂಂ ಎಂದು ಅದನ್ನೇ ಹಿಡಿದು ಕಥೆ ಮುಗಿಸಿಬಿಡುತ್ತಾಳೆ. ನಾನು ಬಾಯಿಮುಚ್ಚಿಕೊಂಡಿದ್ದ ಒಂದು ಸಂಜೆ ಹೆಸರು ಹುಡುಕುತ್ತ ಹುಡುಕುತ್ತ ಅವಳು ಅದುವರೆಗೆ ನಾನು ಕೇಳಿರದ ಒಂದು ಮದುವೆಮನೆಗೆ, ಅಲ್ಲಿನ ಜಗಳಕ್ಕೆ, ತನ್ನ ಅಕ್ಕನ ಅಳುವಿಗೆ ಹೋಗಿ ಬಂದಳು.

ಜಿಪ್ಸಿಯ ಕೆಲಸಕ್ಕೆ ವಾಪಸು ಬರುತ್ತೇನೆ. ಮೊದಲು ಮ್ಯಾನಿಫೋಲ್ಡಿನ ಸುತ್ತ, ಹೋಸುಗಳ ಬುಡದಲ್ಲಿ ಗಾಳಿ ಸೋರುತ್ತಿಲ್ಲ ಎಂದು ಖಚಿತಮಾಡಿಕೊಳ್ಳಬೇಕು. ಸೋರಿಕೆ ಇಟ್ಟುಕೊಂಡು ಇಸಿಯುವಿನೊಳಗಿನ ಅಂಕಿಗಳ ಮ್ಯಾಪ್ ತಿದ್ದುವುದು ವ್ಯರ್ಥ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ತಾನಾಗಿ ತಿದ್ದುವ ಎಲ್ಲವನ್ನೂ ಆಫ್ ಮಾಡುತ್ತೇನೆ: ಆಕ್ಸಿಜನ್ ಸೆನ್ಸರಿನ ತಿದ್ದುಪಡಿ, ಐಡಲ್ ವಾಲ್ವಿನ ಓಡಾಟ, ಟೈಮಿಂಗಿನ ಏರಿಳಿತ. ಗಾಳಿ ಇಷ್ಟೇ, ಕಿಡಿ ಇಲ್ಲೇ ಎಂದು ಕಟ್ಟಿ, ಪೆಟ್ರೋಲನ್ನು ಮಾತ್ರ ನಿಧಾನವಾಗಿ ಆಡಿಸಿ, ಎಂಜಿನ್ ಎಲ್ಲಿ ತಾನೇ ಸ್ಥಿರವಾಗಿ ನಿಲ್ಲಲು ಒಪ್ಪುತ್ತದೆ ಎಂದು ನೋಡಬೇಕು. ಈ ಕ್ಯಾಮಿಗೆ 850 ಕೇಳುವುದು ಹಠ, 1000ದ ಆಸುಪಾಸು ನ್ಯಾಯ. ಆಮೇಲೆ ಟೈಮಿಂಗಿಗೆ ಸಣ್ಣ ಇಳಿಜಾರು ಕೊಡುತ್ತೇನೆ: ಆರ್‌ಪಿಎಂ ಗುರಿಗಿಂತ ಕೆಳಗಿಳಿದರೆ ಕಿಡಿ ತುಸು ಬೇಗ, ಮೇಲೇರಿದರೆ ತುಸು ತಡ. ಕಿಡಿಯ ಬದಲಾವಣೆ ಮುಂದಿನ ಸಿಲಿಂಡರಿನಲ್ಲೇ ಫಲ ಕೊಡುತ್ತದೆ, ಗಾಳಿಯ ಹಾಗೆ ತಡಮಾಡುವುದಿಲ್ಲ. ಇದಕ್ಕಾಗಿ ಎಂಜಿನ್ನಿನಿಂದ ಬರಬಹುದಾದ ಬಲವನ್ನೆಲ್ಲ ಸ್ಲೋ ಸ್ಪೀಡಿನಲ್ಲಿ ಹಿಂಡಬಾರದು. ಇನ್ನಷ್ಟು ಬೇಗ ಕೊಡಲು ಜಾಗ ಉಳಿದಿದ್ದರೆ ಮಾತ್ರ ಕುಸಿಯುವಾಗ ಕಿಡಿ ಕೈಹಿಡಿಯುತ್ತದೆ. ಗಾಳಿಯ ವಾಲ್ವನ್ನು ಕೊನೆಗೆ ಬಿಡುವುದು, ಅದೂ ಆದಷ್ಟು ಮಂದವಾಗಿ. ನಂತರ ರ‍್ಯಾಲಿಯ ಹೆಚ್ಚುವರಿ ದೀಪಗಳನ್ನೆಲ್ಲ ಒಟ್ಟಿಗೆ ಹಾಕಿ ಆಲ್ಟರ್ನೇಟರಿನ ಭಾರ ಬೀಳಿಸಿ ನೋಡುತ್ತೇನೆ. ಬೆಂಗಳೂರಿನ 900 ಮೀಟರ್ ಎತ್ತರದಲ್ಲಿ ಹದಮಾಡಿದ್ದು ಚಾರ್ಮಾಡಿ ಇಳಿದು ಕರಾವಳಿಯ ದಟ್ಟ ಗಾಳಿಗೆ ಹೋದಾಗ ಬೇರೆಯಾಗುತ್ತದೆ, ಅದಕ್ಕೂ ಲೆಕ್ಕ ಬರೆದಿಡಬೇಕು.

ಇದೆಲ್ಲ ನನಗೆ ಗೊತ್ತು. ಗೊತ್ತಿರುವುದಕ್ಕೂ ಕೈಗೂ ನಡುವೆ ದೂರವಿದೆ. ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗನಲ್ಲಿ ಆ ದೂರ ಇಲ್ಲ. ಅವನು ಒಂದು ಅಂಕಿ ಬದಲಿಸಿ, ಎದ್ದು ಹೋಗಿ ಬಾನೆಟ್ಟಿನ ಅಂಚಿಗೆ ಕೈ ಊರಿ ನಿಲ್ಲುತ್ತಾನೆ. ಮೊನ್ನೆ ಸೂಜಿ ಅಲುಗಾಡುವಾಗ ನಾನು ಲ್ಯಾಪ್‌ಟಾಪಿಗೆ ಕೈಚಾಚಿದೆ. “ಅಣ್ಣ, ಒಂಚೂರು ಬಿಡಿ, ಅದೇ ನಿಲ್ಲತ್ತೆ” ಎಂದ. ನಿಂತಿತು. ನನಗೆ ಸಂತೋಷವಾಯಿತು, ಅದರ ಕೆಳಗೆ ಒಂದು ಸಣ್ಣ ಇರಿತವೂ ಇತ್ತು. ಎಂಜಿನ್ ಸ್ಥಿರವಾಗಿ ನಿಲ್ಲಬೇಕು ಎಂಬುದಷ್ಟೇ ನನ್ನ ಆಸೆಯಾಗಿದ್ದರೆ ಆ ಇರಿತಕ್ಕೆ ಅಲ್ಲಿ ಕೆಲಸವಿರಲಿಲ್ಲ. ನಾನು ನಿಲ್ಲಿಸಿದೆ ಎಂದಾಗಬೇಕಿತ್ತು. ಪ್ರೀತಿ ಎಂದು ನಾನು ಕರೆಯುತ್ತಿದ್ದುದರೊಳಗೆ ಇದು ಎಷ್ಟು ಪಾಲು ಎಂದು ಅವತ್ತಿನಿಂದ ಅಳೆಯುತ್ತಿದ್ದೇನೆ. ಚಿಕ್ಕ ಪಾಲೇನೂ ಅಲ್ಲ.

ಉಳಿದಿರುವುದು ಕೋಲ್ಡ್ ಸ್ಟಾರ್ಟ್. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಪೋರ್ಟಿನ ಗೋಡೆಗೆ ಅಂಟಿಕೊಳ್ಳುತ್ತದೆ, ಆಯಿಲ್ ದಪ್ಪಗಿರುತ್ತದೆ. ಹೆಚ್ಚು ಪೆಟ್ರೋಲ್, ಹೆಚ್ಚು ಗಾಳಿ ಕೊಟ್ಟು, ಬಿಸಿಯೇರಿದಂತೆ ಎರಡನ್ನೂ ಹಿಂತೆಗೆಯುತ್ತ ಬರಬೇಕು. ಇದರಲ್ಲಿ ಆತುರಕ್ಕೆ ದಾರಿಯೇ ಇಲ್ಲ. ಒಮ್ಮೆ ಸ್ಟಾರ್ಟ್ ಮಾಡಿದರೆ ಎಂಜಿನ್ ಬೆಚ್ಚಗಾಯಿತು, ಮತ್ತೆ ಅದೇ ಸ್ಥಿತಿ ಬೇಕೆಂದರೆ ಒಂದು ರಾತ್ರಿ ಕಳೆಯಬೇಕು. ಮೂಡಿಗೆರೆಯ ಚಳಿಯಲ್ಲೇ ಇದನ್ನು ಮಾಡಬೇಕಾದ್ದರಿಂದ ಗಾಡಿಯ ಜೊತೆ ನಾವಿಬ್ಬರೂ ಹೋಗುತ್ತಿದ್ದೇವೆ. ಲ್ಯಾಪ್‌ಟಾಪ್ ಅವನ ಕೈಯಲ್ಲಿರುತ್ತದೆ, ಹೋಸು ಬೆಲ್ಟುಗಳನ್ನು ನಾನು ನೋಡಿಕೊಳ್ಳುತ್ತೇನೆ. ರಾತ್ರಿ ಅವನು ಮ್ಯಾಪಿನಲ್ಲಿ ಏನು ಬದಲಿಸಿದ ಎಂದು ಬೆಳಗ್ಗೆ ಕೀ ತಿರುಗಿಸುವ ತನಕ ಕೇಳುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿದ್ದೇನೆ. ಉಳಿಸಿಕೊಳ್ಳುತ್ತೇನೆಯೇ ಎಂದು ಈಗಲೇ ಹೇಳಲಾರೆ.